ಇಬ್ಬರ ವ್ಯಾಜ್ಯ, ಮೂರನೆಯವರ ಪೆಟ್ಟಿಗೆ

ವ್ಯಾಜ್ಯವೆಂಬುದು ವಾದಿ ಮತ್ತು ಪ್ರತಿವಾದಿ ಇವರಿಬ್ಬರಿಗೆ ಮಾತ್ರ ಸೇರಿದ ವಿಷಯವೆಂದು ನಾವು ಸಾಮಾನ್ಯವಾಗಿ ಭಾವಿಸುತ್ತೇವೆ. ಹಳ್ಳಿಯಲ್ಲಿ ಹುಟ್ಟಿ ಬೆಳೆದವರಿಗಾದರೋ ಈ ಮಾತು ಅರ್ಧ ಸತ್ಯವೆಂಬುದು ತಿಳಿದೇ ಇದೆ. ನಮ್ಮ ಬಡವನಹಳ್ಳಿಯ ಸುತ್ತಮುತ್ತ ಒಂದು ಹೊಲದ ವಿಷಯವಾಗಿ ಅಣ್ಣ ತಮ್ಮಂದಿರು ನ್ಯಾಯಾಲಯದ ಮೆಟ್ಟಿಲು ಹತ್ತಿದರೆಂದು ಇಟ್ಟುಕೊಳ್ಳೋಣ. ಆ ಹೊಲವನ್ನು ವಾರಕ್ಕೆ ಮಾಡುತ್ತಿರುವ ಮೂರನೆಯವನೊಬ್ಬನು ಸಾಲ ತಂದು ಕಡಲೆಕಾಯಿ ಬಿತ್ತಿದ್ದಾನೆ. ತೀರ್ಪು ಬರುವವರೆಗೆ ಯಾರೂ ಹೊಲಕ್ಕೆ ಇಳಿಯಕೂಡದೆಂದು ಮಧುಗಿರಿಯಿಂದ ತಡೆಯಾಜ್ಞೆ ಬಂದರೆ, ಹೊಲ ಅಣ್ಣನದೋ ತಮ್ಮನದೋ ಎಂಬುದು ಮುಂದೆ ಎಂದಾದರೂ ಇತ್ಯರ್ಥವಾದೀತು. ಕಡಲೆಕಾಯಿ ಮಾತ್ರ ಅಲ್ಲಿಯವರೆಗೆ ಕಾಯುವುದಿಲ್ಲ. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತೆಂಬ ಗಾದೆಯು ಇಂತಹ ಸಂದರ್ಭಕ್ಕೇ ಹುಟ್ಟಿರಬೇಕು.

ಇದೇ ನ್ಯಾಯವು ಆಧುನಿಕ ಯಂತ್ರಗಳ ಲೋಕದಲ್ಲಿಯೂ ನಡೆಯುತ್ತಿದೆ. ದೂರದರ್ಶನದ ಕಾರ್ಯಕ್ರಮಗಳನ್ನು ಮುದ್ರಿಸಿಟ್ಟುಕೊಳ್ಳುವ ವಿಡಿಯೋ ರೆಕಾರ್ಡರ್ ಎಂಬ ಯಂತ್ರದ ಪೇಟೆಂಟ್ ಕುರಿತು ಅಮೆರಿಕ ದೇಶದಲ್ಲಿ ಎರಡು ಸಂಸ್ಥೆಗಳ ನಡುವೆ ಏಳು ವರ್ಷಗಳಿಗೂ ಮೀರಿ ಒಂದು ವ್ಯಾಜ್ಯ ನಡೆಯಿತು. ಅದರ ನಡುವೆ ಸಿಕ್ಕಿಕೊಂಡವರು ಲಕ್ಷಾಂತರ ಮಂದಿ ಚಂದಾದಾರರು. ಅವರು ಯಾರ ಹಕ್ಕನ್ನೂ ಕದ್ದವರಲ್ಲ. ತಿಂಗಳು ತಿಂಗಳೂ ಚಂದಾ ಕಟ್ಟಿದವರು. ಆದರೂ ಅವರ ಮನೆಯೊಳಗಿನ ಪೆಟ್ಟಿಗೆಯ ಅಳಿವು ಉಳಿವು ಅವರು ಕಂಡರಿಯದ ನ್ಯಾಯಾಲಯವೊಂದರಲ್ಲಿ ನಿರ್ಧಾರವಾಗುವಂತಾಯಿತು. ಅದು ಹೇಗೆ, ಏಕೆ, ಮತ್ತು ನಮಗೂ ಅದಕ್ಕೂ ಏನು ಸಂಬಂಧ ಎಂಬುದನ್ನು ವಿವರಿಸುವುದೇ ಈ ಲೇಖನದ ಉದ್ದೇಶ.

ಮೊದಲು ಪೇಟೆಂಟ್ ಎಂದರೇನೆಂಬುದನ್ನು ತಿಳಿಯೋಣ. ಹೊಸದೊಂದನ್ನು ಕಂಡುಹಿಡಿದವನು ಅದರ ಗುಟ್ಟನ್ನು ಮುಚ್ಚಿಡದೆ ಲೋಕಕ್ಕೆ ಬರೆದು ತಿಳಿಸಬೇಕು. ಅದಕ್ಕೆ ಪ್ರತಿಯಾಗಿ ಗೊತ್ತಾದ ಕಾಲದವರೆಗೆ ಆ ವಸ್ತುವನ್ನು ತಯಾರಿಸುವ, ಮಾರುವ ಹಕ್ಕು ಅವನೊಬ್ಬನಿಗೇ ಇರಲೆಂದು ಸರ್ಕಾರವು ಸನ್ನದು ಕೊಡುತ್ತದೆ. ಇದು ಕಂಡುಹಿಡಿದವನಿಗೂ ಸಮಾಜಕ್ಕೂ ಆದ ಒಪ್ಪಂದ. ಅವಧಿ ಮುಗಿದ ಮೇಲೆ ಆ ವಿದ್ಯೆಯು ಊರ ಬಾವಿಯ ನೀರಿನಂತೆ ಎಲ್ಲರದಾಗುತ್ತದೆ. ನಮ್ಮ ದೇಶದಲ್ಲಿ ನ್ಯಾಯಮೂರ್ತಿ ಎನ್. ರಾಜಗೋಪಾಲ ಅಯ್ಯಂಗಾರರು ೧೯೫೯ರಲ್ಲಿ ಕೊಟ್ಟ ವರದಿಯ ತಳಹದಿಯ ಮೇಲೆ ೧೯೭೦ರ ಪೇಟೆಂಟ್ ಕಾಯಿದೆಯು ರೂಪುಗೊಂಡಿತು. ಅಂದು ಸಾಮಾನ್ಯ ಅವಧಿ ೧೪ ವರ್ಷ. ೨೦೦೨ರ ತಿದ್ದುಪಡಿಯಿಂದ ಅದು ೨೦ ವರ್ಷಗಳಾಯಿತು.

ಈ ಹಕ್ಕು ಹೊಲದ ಹಕ್ಕಿನಂತೆ ಕಣ್ಣಿಗೆ ಕಾಣುವುದಲ್ಲ. ಹೊಲಕ್ಕೆ ಬದುವಿದೆ, ಬಾಂದುಕಲ್ಲು ಇದೆ. ಪೇಟೆಂಟಿಗಿರುವ ಎಲ್ಲೆಯೆಂದರೆ ಮಾತು ಮಾತ್ರ. 'ನಾನು ಕಂಡುಹಿಡಿದದ್ದು ಇಷ್ಟು' ಎಂದು ಅರ್ಜಿಯಲ್ಲಿ ಬರೆದ ವಾಕ್ಯಗಳೇ ಅದರ ಬದು. ಆ ವಾಕ್ಯಗಳಿಗೆ ಒಬ್ಬನು ಒಂದು ಅರ್ಥ ಹೇಳುತ್ತಾನೆ, ಮತ್ತೊಬ್ಬನು ಮತ್ತೊಂದು. ಆದಕಾರಣವೇ ಈ ವ್ಯಾಜ್ಯಗಳು ದೀರ್ಘವಾಗುತ್ತವೆ.

ಇನ್ನು ಯಂತ್ರದ ವಿಚಾರ. ಚಿತ್ರವನ್ನೂ ಧ್ವನಿಯನ್ನೂ ಕಾಂತೀಯ ಪಟ್ಟಿಯ ಮೇಲೆ ಮುದ್ರಿಸುವ ಉಪಯುಕ್ತ ಯಂತ್ರವನ್ನು ೧೯೫೬ರಲ್ಲಿ ಅಮೆರಿಕದ ಆಂಪೆಕ್ಸ್ ಸಂಸ್ಥೆಯು ಹೊರತಂದಿತು. ಅದು ಪ್ರಸಾರ ನಿಲಯಗಳು ಮಾತ್ರ ಕೊಳ್ಳಬಹುದಾದಷ್ಟು ದೊಡ್ಡದು, ದುಬಾರಿಯಾದುದು. ಮುಂದೆ ೧೯೭೦ರ ದಶಕದಲ್ಲಿ ಸೋನಿ ಸಂಸ್ಥೆಯ ಬೀಟಾಮ್ಯಾಕ್ಸ್, ಅನಂತರ ವಿ.ಎಚ್.ಎಸ್. ಕ್ಯಾಸೆಟ್ಟು, ಹೀಗೆ ಯಂತ್ರವು ಮನೆಯೊಳಕ್ಕೆ ಬಂದಿತು. ಆಗಲೂ ಒಂದು ದೊಡ್ಡ ವ್ಯಾಜ್ಯ ನಡೆಯಿತು. ಅದು ಪೇಟೆಂಟಿನದಲ್ಲ, ಕೃತಿಸ್ವಾಮ್ಯದ್ದು. ಯೂನಿವರ್ಸಲ್ ಮತ್ತು ವಾಲ್ಟ್ ಡಿಸ್ನಿ ಎಂಬ ಚಲನಚಿತ್ರ ಸಂಸ್ಥೆಗಳು, ಜನರು ತಮ್ಮ ಚಿತ್ರಗಳನ್ನು ಮನೆಯಲ್ಲಿ ಮುದ್ರಿಸಿಕೊಳ್ಳುವುದಕ್ಕೆ ಸೋನಿಯೇ ಹೊಣೆಯೆಂದು ೧೯೭೬ರಲ್ಲಿ ದಾವೆ ಹೂಡಿದುವು. ೧೯೮೪ರ ಜನವರಿಯಲ್ಲಿ ಅಮೆರಿಕದ ಸರ್ವೋಚ್ಚ ನ್ಯಾಯಾಲಯವು ಐವರು ನ್ಯಾಯಾಧೀಶರು ಒಂದು ಕಡೆ, ನಾಲ್ವರು ಇನ್ನೊಂದು ಕಡೆಯಾಗಿ ಸೋನಿಯ ಪರವಾಗಿ ತೀರ್ಪಿತ್ತಿತು. ಹೊತ್ತಿಗೆ ಸರಿಯಾಗಿ ನೋಡಲಾಗದ ಕಾರ್ಯಕ್ರಮವನ್ನು ಮುದ್ರಿಸಿಟ್ಟು ಬಿಡುವಾದಾಗ ನೋಡುವುದು ತಪ್ಪಲ್ಲವೆಂಬುದೇ ಆ ತೀರ್ಪಿನ ತಿರುಳು. ಆ ದಾವೆಯಲ್ಲಿ ನೋಡುಗನು ಕಕ್ಷಿಗಾರನಾಗಿರಲಿಲ್ಲ. ಆದರೂ ಅವನು ಮನೆಯಲ್ಲಿ ಕುಳಿತು ಮಾಡುವುದೇನೆಂಬುದೇ ವಿಚಾರಣೆಯ ಹೃದಯವಾಗಿತ್ತು. ಇದನ್ನು ನೆನಪಿನಲ್ಲಿಟ್ಟುಕೊಂಡು ಮುಂದಿನ ಕಥೆಯನ್ನು ಕೇಳಬೇಕು.

೧೯೯೯ರಲ್ಲಿ ಅಮೆರಿಕದ ಟೀವೋ ಎಂಬ ಹೊಸ ಸಂಸ್ಥೆಯು ಕ್ಯಾಸೆಟ್ಟೇ ಇಲ್ಲದ ರೆಕಾರ್ಡರನ್ನು ಮಾರುಕಟ್ಟೆಗೆ ತಂದಿತು. ಇದನ್ನು ಸ್ಥಾಪಿಸಿದವರು ಜಿಮ್ ಬಾರ್ಟನ್ ಮತ್ತು ಮೈಕ್ ರಾಮ್ಸೆ ಎಂಬ ಇಬ್ಬರು. ಗಣಕಯಂತ್ರದಲ್ಲಿರುವಂತಹ ಹಾರ್ಡ್ ಡಿಸ್ಕನ್ನೇ ಅವರು ಈ ಪೆಟ್ಟಿಗೆಯಲ್ಲಿಟ್ಟರು. ಕ್ಯಾಸೆಟ್ಟಿನಲ್ಲಿ ಒಂದು ಕಾಲಕ್ಕೆ ಮುದ್ರಿಸಬಹುದು ಇಲ್ಲವೆ ನೋಡಬಹುದು. ಎರಡನ್ನೂ ಒಟ್ಟಿಗೆ ಮಾಡಲಾಗದು. ಹೊಸ ಪೆಟ್ಟಿಗೆಯಾದರೋ ಬರುತ್ತಿರುವ ಪ್ರಸಾರವನ್ನು ಒಂದು ಕಡೆ ತುಂಬಿಕೊಳ್ಳುತ್ತಲೇ ಇನ್ನೊಂದು ಕಡೆಯಿಂದ ಹೊರಕ್ಕೆ ಕೊಡುತ್ತದೆ. ಕಣಜಕ್ಕೆ ಮೇಲಿನಿಂದ ರಾಗಿ ಸುರಿಯುತ್ತಿರುವಾಗಲೇ ಕೆಳಗಿನ ಕಂಡಿಯಿಂದ ಬೇಕಾದಷ್ಟು ತೆಗೆದುಕೊಂಡಂತೆ ಇದು. ಹೀಗಾಗಿ ಕ್ರಿಕೆಟ್ ಪಂದ್ಯವು ನಡೆಯುತ್ತಿರುವಾಗಲೇ ಅದನ್ನು ನಿಲ್ಲಿಸಿ, ಎದ್ದು ಹೋಗಿ ಕೆಲಸ ಮುಗಿಸಿ ಬಂದು, ನಿಲ್ಲಿಸಿದ ಚೆಂಡಿನಿಂದಲೇ ನೋಡಬಹುದಾಯಿತು. ಬಂದ ಪ್ರಸಾರದಲ್ಲಿ ಚಿತ್ರವನ್ನೂ ಧ್ವನಿಯನ್ನೂ ಬೇರ್ಪಡಿಸಿ, ಎಲ್ಲಿ ಯಾವುದಿದೆಯೆಂದು ಗುರುತು ಹಾಕಿಕೊಂಡು, ಡಿಸ್ಕಿನಲ್ಲಿ ಜೋಡಿಸಿ, ಕೇಳಿದಾಗ ಮತ್ತೆ ಕೂಡಿಸಿ ತೋರಿಸುವ ಕ್ರಮಕ್ಕೆ ಅವರು ೧೯೯೮ರ ಜುಲೈನಲ್ಲಿ ಅರ್ಜಿ ಸಲ್ಲಿಸಿದರು. ೨೦೦೧ರ ಮೇ ತಿಂಗಳಿನಲ್ಲಿ ೬೨೩೩೩೮೯ ಎಂಬ ಸಂಖ್ಯೆಯ ಪೇಟೆಂಟ್ ದೊರೆಯಿತು.

ಅದೇ ಕಾಲಕ್ಕೆ ಎಕೋಸ್ಟಾರ್ ಎಂಬ ಸಂಸ್ಥೆಯು ಡಿಷ್ ನೆಟ್‌ವರ್ಕ್ ಎಂಬ ಹೆಸರಿನಲ್ಲಿ ಉಪಗ್ರಹದ ಮೂಲಕ ಮನೆಗಳಿಗೆ ದೂರದರ್ಶನವನ್ನು ಒದಗಿಸುತ್ತಿತ್ತು. ಅಲ್ಲಿ ನೆಲೆಸಿದ ನಮ್ಮ ದೇಶದವರಿಗಾಗಿ ಭಾರತೀಯ ಭಾಷೆಗಳ ವಾಹಿನಿಗಳನ್ನೂ ಅದು ಕೊಡುತ್ತಿತ್ತು. ನಮ್ಮಲ್ಲಿ ೨೦೦೩ರಲ್ಲಿ ಆರಂಭವಾದ ಡಿಷ್ ಟಿ.ವಿ. ಎಂಬುದು ಬೇರೆಯೇ ಸಂಸ್ಥೆ. ಹೆಸರಿನ ಹೋಲಿಕೆಯಿಂದ ವಾಚಕರು ಗಲಿಬಿಲಿಗೊಳ್ಳಬಾರದು. ಎಕೋಸ್ಟಾರ್ ತನ್ನ ಚಂದಾದಾರರಿಗೆ ಕೊಟ್ಟ ಪೆಟ್ಟಿಗೆಗಳಲ್ಲಿಯೂ ಮುದ್ರಿಸುವ ಸೌಕರ್ಯವಿತ್ತು. ಅದು ತನ್ನ ಪೇಟೆಂಟಿನ ಉಲ್ಲಂಘನೆಯೆಂದು ಟೀವೋ ೨೦೦೪ರ ಜನವರಿಯಲ್ಲಿ ಟೆಕ್ಸಾಸ್ ಸಂಸ್ಥಾನದ ನ್ಯಾಯಾಲಯದಲ್ಲಿ ದಾವೆ ಹೂಡಿತು.

೨೦೦೬ರ ಏಪ್ರಿಲಿನಲ್ಲಿ ಪಂಚರು ಟೀವೋ ಪರವಾಗಿ ನಿರ್ಣಯಿಸಿ, ಸುಮಾರು ೭ ಕೋಟಿ ೪೦ ಲಕ್ಷ ಡಾಲರು ಪರಿಹಾರವೆಂದು ಗೊತ್ತುಮಾಡಿದರು. ಇಷ್ಟಕ್ಕೇ ಮುಗಿದಿದ್ದರೆ ಇದು ಇಬ್ಬರು ಸಾಹುಕಾರರ ಲೆಕ್ಕವಾಗುತ್ತಿತ್ತು. ಆದರೆ ಅದೇ ವರ್ಷ ಆಗಸ್ಟಿನಲ್ಲಿ ನ್ಯಾಯಾಧೀಶ ಡೇವಿಡ್ ಫೋಲ್ಸಂ ಅವರು ಹೊರಡಿಸಿದ ಆಜ್ಞೆಯು ಮನೆಗಳ ಒಳಕ್ಕೇ ಬಂದಿತು. ಆ ಬಗೆಯ ಹೊಸ ಪೆಟ್ಟಿಗೆಗಳನ್ನು ಮಾರಕೂಡದು ಎಂಬುದು ಒಂದು ಭಾಗ. ಈಗಾಗಲೇ ಚಂದಾದಾರರ ಮನೆಯಲ್ಲಿರುವ ಪೆಟ್ಟಿಗೆಗಳಲ್ಲಿ ೧,೯೨,೭೦೮ನ್ನು ಮಾತ್ರ ಬಿಟ್ಟು, ಉಳಿದೆಲ್ಲವುಗಳ ಮುದ್ರಿಸುವ ಶಕ್ತಿಯನ್ನು ೩೦ ದಿನಗಳೊಳಗೆ ನಿಲ್ಲಿಸಬೇಕು ಎಂಬುದು ಇನ್ನೊಂದು ಭಾಗ.

ಈ ಎರಡನೆಯ ಭಾಗವನ್ನು ನಾವು ನಿಂತು ಯೋಚಿಸಬೇಕು. ಹಿಂದಿನ ಕಾಲದಲ್ಲಿ ಒಬ್ಬನು ಮಾಡಿದ ನೇಗಿಲು ಇನ್ನೊಬ್ಬನ ಪೇಟೆಂಟಿನ ಉಲ್ಲಂಘನೆಯೆಂದು ತೀರ್ಪಾದರೆ, ಮುಂದೆ ಮಾಡುವುದನ್ನು ನಿಲ್ಲಿಸಬಹುದಾಗಿತ್ತು. ಆದರೆ ರೈತನ ಹಿತ್ತಲಲ್ಲಿ ಒರಗಿಸಿರುವ ನೇಗಿಲು ಒಂದು ಬೆಳಗ್ಗೆ ತಾನಾಗಿಯೇ ಮೊಂಡಾಗುವಂತೆ ಮಾಡಲು ಯಾವ ನ್ಯಾಯಾಲಯಕ್ಕೂ ಸಾಧ್ಯವಿರಲಿಲ್ಲ. ಉಪಗ್ರಹಕ್ಕೆ ಕಟ್ಟಿಹಾಕಿದ ಪೆಟ್ಟಿಗೆ ಹಾಗಲ್ಲ. ಅದು ನಮ್ಮ ಗೋಡೆಯ ಮೇಲೆ ಕುಳಿತಿದ್ದರೂ ಕಿವಿಯನ್ನು ಸಂಸ್ಥೆಯ ಕಡೆಗೇ ಇಟ್ಟುಕೊಂಡಿರುತ್ತದೆ. ಆಕಾಶದಿಂದ ಒಂದು ಆದೇಶ ಬಂದರೆ ಸಾಕು, ನಿನ್ನೆ ಮಾಡುತ್ತಿದ್ದ ಕೆಲಸವನ್ನು ಇಂದು ನಿಲ್ಲಿಸುತ್ತದೆ. ಇಂತಹ ಪೆಟ್ಟಿಗೆ ಇರುವುದರಿಂದಲೇ ಇಂತಹ ಆಜ್ಞೆಯೂ ಸಾಧ್ಯವಾಯಿತು.

ಮುಂದಿನ ಘಟನೆಗಳನ್ನು ಸಂಕ್ಷೇಪವಾಗಿ ಹೇಳುತ್ತೇನೆ. ಮೇಲಿನ ನ್ಯಾಯಾಲಯವು ಕೆಲವೇ ದಿನಗಳಲ್ಲಿ ಈ ಆಜ್ಞೆಯನ್ನು ತಾತ್ಕಾಲಿಕವಾಗಿ ತಡೆಹಿಡಿಯಿತು. ೨೦೦೮ರ ಜನವರಿಯಲ್ಲಿ ಅದು ತೀರ್ಪಿತ್ತು, ಯಂತ್ರಭಾಗಕ್ಕೆ ಸಂಬಂಧಿಸಿದ ಹಕ್ಕುಗಳ ಉಲ್ಲಂಘನೆಯಾಗಿಲ್ಲವೆಂದೂ, ತಂತ್ರಾಂಶಕ್ಕೆ ಸಂಬಂಧಿಸಿದ ಹಕ್ಕುಗಳ ಉಲ್ಲಂಘನೆಯಾಗಿದೆಯೆಂದೂ ಹೇಳಿತು. ಎಕೋಸ್ಟಾರ್ ಬಡ್ಡಿಸಹಿತ ಹತ್ತು ಕೋಟಿ ಡಾಲರಿಗೂ ಮೀರಿದ ಮೊತ್ತವನ್ನು ಕಟ್ಟಿತು. ಅಷ್ಟರಲ್ಲಿ ಅದು ತನ್ನ ತಂತ್ರಾಂಶವನ್ನು ಬದಲಾಯಿಸಿ, ಚಿತ್ರದ ಆರಂಭದ ಗುರುತುಗಳನ್ನು ಮೊದಲೇ ಪಟ್ಟಿ ಮಾಡಿಡುವ ಬದಲು ಅಂದಾಜಿನಿಂದ ಸ್ಥಳವನ್ನು ಹುಡುಕುವ ಬೇರೊಂದು ಕ್ರಮವನ್ನು ಚಂದಾದಾರರ ಪೆಟ್ಟಿಗೆಗಳಿಗೆ ಉಪಗ್ರಹದ ಮೂಲಕವೇ ಕಳುಹಿಸಿತ್ತು. ಇದು ಹೊಸ ಕ್ರಮ, ಆದ್ದರಿಂದ ನಿಲ್ಲಿಸಬೇಕಾಗಿಲ್ಲ ಎಂಬುದು ಅದರ ವಾದ. ಟೀವೋ ಒಪ್ಪಲಿಲ್ಲ. ೨೦೦೯ರ ಜೂನಿನಲ್ಲಿ ನ್ಯಾಯಾಧೀಶರು ಇದನ್ನು ನ್ಯಾಯಾಲಯ ನಿಂದನೆಯೆಂದು ನಿರ್ಣಯಿಸಿದರು; ಅದೇ ಸೆಪ್ಟೆಂಬರಿನಲ್ಲಿ ಒಬ್ಬೊಬ್ಬ ಚಂದಾದಾರನ ಲೆಕ್ಕದಲ್ಲಿ ತಿಂಗಳಿಗೆ ೨.೨೫ ಡಾಲರಿನಂತೆ ದಂಡವನ್ನು ಗೊತ್ತುಮಾಡಿದರು. ೨೦೧೧ರ ಏಪ್ರಿಲಿನಲ್ಲಿ ಮೇಲಿನ ನ್ಯಾಯಾಲಯದ ಪೂರ್ಣಪೀಠವು, ಮನೆಗಳಲ್ಲಿದ್ದ ಪೆಟ್ಟಿಗೆಗಳನ್ನು ನಿಲ್ಲಿಸದೆ ಇದ್ದುದು ಆಜ್ಞೆಯ ಉಲ್ಲಂಘನೆಯೇ ಎಂದು ಬಹುಮತದಿಂದ ಎತ್ತಿಹಿಡಿಯಿತು. ಮರುತಿಂಗಳಲ್ಲೇ ರಾಜಿಯಾಯಿತು. ಡಿಷ್ ಮತ್ತು ಎಕೋಸ್ಟಾರ್ ಒಟ್ಟು ೫೦ ಕೋಟಿ ಡಾಲರು ಕೊಡಲು ಒಪ್ಪಿದುವು. ೩೦ ಕೋಟಿ ಒಮ್ಮೆಗೇ, ಉಳಿದದ್ದು ೨೦೧೨ರಿಂದ ೨೦೧೭ರವರೆಗೆ ಆರು ಸಮಕಂತುಗಳಲ್ಲಿ. ಪೆಟ್ಟಿಗೆಗಳು ಕೆಲಸ ಮಾಡುತ್ತಲೇ ಉಳಿದುವು.

ಹಾಗಾದರೆ ಚಂದಾದಾರನಿಗೆ ಏನೂ ಆಗಲಿಲ್ಲವಲ್ಲ ಎಂದು ಯಾರಾದರೂ ಕೇಳಬಹುದು. ಆದದ್ದನ್ನು ಮೂರು ಬಗೆಯಾಗಿ ವಿಂಗಡಿಸಿ ನೋಡೋಣ.

ಮೊದಲನೆಯದು ಅನಿಶ್ಚಿತತೆ. ೨೦೦೬ರಿಂದ ೨೦೧೧ರವರೆಗೆ ಐದು ವರ್ಷ ಆ ಪೆಟ್ಟಿಗೆಗಳ ತಲೆಯ ಮೇಲೆ ಆಜ್ಞೆಯ ಕತ್ತಿ ತೂಗುತ್ತಿತ್ತು. ಮನೆಯಲ್ಲಿ ಮುದ್ರಿಸಿಟ್ಟುಕೊಂಡ ಕಾರ್ಯಕ್ರಮಗಳು ಆ ಪೆಟ್ಟಿಗೆಗೇ ಅಂಟಿಕೊಂಡಿರುತ್ತವೆ. ಪೆಟ್ಟಿಗೆಯ ಶಕ್ತಿ ನಿಂತರೆ ಕೂಡಿಟ್ಟದ್ದೂ ಕೈಬಿಡುವ ಅಪಾಯವಿದೆ. ತನ್ನ ಪೆಟ್ಟಿಗೆಯು ಉಳಿಯುವ ೧,೯೨,೭೦೮ರಲ್ಲಿ ಒಂದೋ, ನಿಲ್ಲುವ ಲಕ್ಷಾಂತರದಲ್ಲಿ ಒಂದೋ ಎಂಬುದು ಚಂದಾದಾರನ ಕೈಯಲ್ಲಿರಲಿಲ್ಲ.

ಎರಡನೆಯದು ಅರಿವಿಲ್ಲದ ಬದಲಾವಣೆ. ವ್ಯಾಜ್ಯದಿಂದ ತಪ್ಪಿಸಿಕೊಳ್ಳುವುದಕ್ಕೆ ಸಂಸ್ಥೆಯು ಪೆಟ್ಟಿಗೆಯ ಒಳಗಿನ ಕ್ರಮವನ್ನೇ ದೂರದಿಂದ ಬದಲಾಯಿಸಿತು. ಕೊಳ್ಳುವಾಗ ಇದ್ದ ವಸ್ತು ಒಂದು, ಈಗ ಮನೆಯಲ್ಲಿರುವ ವಸ್ತು ಇನ್ನೊಂದು. ಬದಲಾವಣೆ ಒಳ್ಳೆಯದೇ ಇರಬಹುದು; ಆದರೆ ಅದನ್ನು ಮಾಡಿದ್ದು ನೋಡುಗನ ಅನುಕೂಲಕ್ಕಾಗಿ ಅಲ್ಲ, ವಕೀಲರ ಸಲಹೆಗಾಗಿ.

ಮೂರನೆಯದು ಹಣ. ಒಂದು ಸಂಸ್ಥೆಯು ೫೦ ಕೋಟಿ ಡಾಲರನ್ನು ತೆತ್ತರೆ ಅದು ಆಕಾಶದಿಂದ ಉದುರುವುದಿಲ್ಲ. ಅಷ್ಟೂ ಚಂದಾದಾರನ ಮೇಲೆಯೇ ಬೀಳುತ್ತದೆಂದು ಹೇಳಲಾಗದು. ಪೈಪೋಟಿಯಿದ್ದರೆ ಒಂದಂಶವನ್ನು ಸಂಸ್ಥೆಯೇ ನುಂಗಬೇಕಾಗುತ್ತದೆ. ಆದರೆ ಟೀವೋ ಅಲ್ಲಿಗೇ ನಿಲ್ಲಲಿಲ್ಲ. ೨೦೧೨ರ ಜನವರಿಯಲ್ಲಿ ಎಟಿ ಅಂಡ್ ಟಿ ಸಂಸ್ಥೆಯು ೨೧ ಕೋಟಿ ೫೦ ಲಕ್ಷ ಡಾಲರಿಗೂ, ಅದೇ ವರ್ಷದ ಸೆಪ್ಟೆಂಬರಿನಲ್ಲಿ ವೆರಿಜಾನ್ ಸಂಸ್ಥೆಯು ಸುಮಾರು ೨೫ ಕೋಟಿ ಡಾಲರಿಗೂ, ೨೦೧೩ರಲ್ಲಿ ಸಿಸ್ಕೊ, ಗೂಗಲ್ ಮೊದಲಾದವು ಒಟ್ಟಾಗಿ ೪೯ ಕೋಟಿ ಡಾಲರಿಗೂ ರಾಜಿಮಾಡಿಕೊಂಡುವು. ಎಲ್ಲ ಅಂಗಡಿಯವರೂ ಒಂದೇ ಸುಂಕ ಕಟ್ಟಬೇಕಾದಾಗ ಗಿರಾಕಿಯು ಅಂಗಡಿ ಬದಲಾಯಿಸಿ ಪಾರಾಗಲಾರ.

ಇಷ್ಟು ಹೇಳಿದ ಮಾತ್ರಕ್ಕೆ ಟೀವೋ ಮಾಡಿದ್ದು ಅನ್ಯಾಯವೆಂದು ನನ್ನ ಅಭಿಪ್ರಾಯವಲ್ಲ. ನಿಲ್ಲಿಸಿ ನೋಡುವ ಪೆಟ್ಟಿಗೆಯನ್ನು ಕಟ್ಟಿ ತೋರಿಸಿದವರಲ್ಲಿ ಅವರು ಮೊದಲಿಗರು. ಕಂಡುಹಿಡಿದವನ ಬೆವರಿಗೆ ಬೆಲೆ ಸಿಗದಿದ್ದರೆ ಮುಂದೆ ಯಾರೂ ಕಂಡುಹಿಡಿಯುವ ತೊಂದರೆಗೆ ಹೋಗುವುದಿಲ್ಲ; ಆಗ ಚಂದಾದಾರನಿಗೆ ಪೆಟ್ಟಿಗೆಯೇ ಇರುವುದಿಲ್ಲ. ದೊಡ್ಡ ಸಂಸ್ಥೆಯು ಸಣ್ಣದರ ವಿದ್ಯೆಯನ್ನು ಬಳಸಿಕೊಂಡು, ಬೇಕಾದರೆ ನ್ಯಾಯಾಲಯಕ್ಕೆ ಹೋಗು ಎನ್ನುವಂತಾದರೆ ಅದೂ ಸಮಾಜಕ್ಕೆ ಹಿತವಲ್ಲ. ಪ್ರಶ್ನೆಯಿರುವುದು ಹಕ್ಕು ಇರಬೇಕೇ ಬೇಡವೇ ಎಂಬುದರಲ್ಲಿ ಅಲ್ಲ. ಹಕ್ಕು ಮುರಿದಾಗ ಅದರ ಪರಿಹಾರವು ಯಾರ ಮನೆಯ ಬಾಗಿಲಲ್ಲಿ ನಿಲ್ಲಬೇಕು ಎಂಬುದರಲ್ಲಿ.

ಇನ್ನು ನಮ್ಮ ನಾಡಿಗೆ ಬರೋಣ. ಕರ್ನಾಟಕದ ಹಳ್ಳಿಗಳು ಉಪಗ್ರಹ ದೂರದರ್ಶನವನ್ನು ಮೊದಲು ಕಂಡದ್ದು ೧೯೭೫-೭೬ರ ಸೈಟ್ ಪ್ರಯೋಗದಲ್ಲಿ. ದೇಶದ ೨,೪೦೦ ಹಳ್ಳಿಗಳಿಗಾಗಿ ನಡೆದ ಆ ಪ್ರಯೋಗದಲ್ಲಿ ನಮ್ಮ ಬಿಜಾಪುರ, ಗುಲ್ಬರ್ಗಾ, ರಾಯಚೂರು ಜಿಲ್ಲೆಗಳ ಹಳ್ಳಿಗಳೂ ಸೇರಿದ್ದುವು. ಬೆಂಗಳೂರಿನ ದೂರದರ್ಶನ ಕೇಂದ್ರವು ೧೯೮೧ರಲ್ಲಿ ಆರಂಭವಾಯಿತು. ೧೯೯೪ರಲ್ಲಿ ಉದಯ ಟಿ.ವಿ. ಬಂದಿತು. ಅಂದು ಪೆಟ್ಟಿಗೆಯು ಯಾರ ಮಾತನ್ನೂ ಕೇಳುತ್ತಿರಲಿಲ್ಲ. ೨೦೧೧ರ ಕೇಬಲ್ ಕಾಯಿದೆ ತಿದ್ದುಪಡಿಯ ಅನಂತರ ಸ್ಥಿತಿ ಬದಲಾಯಿತು. ೨೦೧೩ರಲ್ಲಿ ಬೆಂಗಳೂರು ಮೈಸೂರುಗಳ ಕೇಬಲ್ ಮನೆಗಳಿಗೂ, ಕೊನೆಯ ಹಂತವಾಗಿ ೨೦೧೭ರ ಮಾರ್ಚ್ ಗಡುವಿನೊಳಗೆ ಬಡವನಹಳ್ಳಿಯಂತಹ ಗ್ರಾಮಗಳ ಕೇಬಲ್ ಮನೆಗಳಿಗೂ ಸೆಟ್ ಟಾಪ್ ಬಾಕ್ಸ್ ಕಡ್ಡಾಯವಾಯಿತು. ಮಾಳಿಗೆಯ ಮೇಲೆ ತಟ್ಟೆಯಿಟ್ಟವರಿಗೆ ಅದು ಮೊದಲೇ ಇತ್ತು. ಮುದ್ರಿಸುವ ಸೌಕರ್ಯವುಳ್ಳ ಟಾಟಾ ಸ್ಕೈ ಪ್ಲಸ್ ಪೆಟ್ಟಿಗೆಯು ೨೦೦೮ರಲ್ಲೇ ಬಂದಿತ್ತು. ಒಂದು ಸಂಸ್ಥೆಯ ಪೆಟ್ಟಿಗೆಯು ಇನ್ನೊಂದರಲ್ಲಿ ನಡೆಯಬೇಕೆಂದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವು ೨೦೨೦ರ ಏಪ್ರಿಲಿನಲ್ಲಿ ಶಿಫಾರಸು ಮಾಡಿದುದೇ, ಪೆಟ್ಟಿಗೆಯು ಎಷ್ಟರ ಮಟ್ಟಿಗೆ ಸಂಸ್ಥೆಗೆ ಕಟ್ಟುಬಿದ್ದಿದೆ ಎಂಬುದಕ್ಕೆ ಸಾಕ್ಷಿ. ಎಂದರೆ, ಅಮೆರಿಕದ ಆ ಆಜ್ಞೆಯನ್ನು ಸಾಧ್ಯವಾಗಿಸಿದ ಬಗೆಯ ಪೆಟ್ಟಿಗೆಯೇ ನಮ್ಮ ಮನೆಗೂ ಬಂದಿದೆ.

ಕಾನೂನಿನ ಸ್ಥಿತಿ ಹೇಗಿದೆ? ನಮ್ಮ ಕಾಯಿದೆಯ ೪೮ನೆಯ ಪ್ರಕರಣವು ಪೇಟೆಂಟ್ ಪಡೆದ ವಸ್ತುವನ್ನು ತಯಾರಿಸುವ, ಮಾರುವ, ಆಮದು ಮಾಡುವ ಹಕ್ಕುಗಳ ಜೊತೆಗೆ 'ಉಪಯೋಗಿಸುವ' ಹಕ್ಕನ್ನೂ ಒಡೆಯನಿಗೇ ಕೊಟ್ಟಿದೆ. ಅಕ್ಷರಶಃ ಓದಿದರೆ, ಉಲ್ಲಂಘಿಸಿ ತಯಾರಿಸಿದ ಪೆಟ್ಟಿಗೆಯನ್ನು ಮನೆಯಲ್ಲಿಟ್ಟು ನೋಡುವವನೂ ಇದರ ಎಲ್ಲೆಯೊಳಗೆ ಬರುತ್ತಾನೆ. ಮನೆಮನೆಯ ಮೇಲೂ ದಾವೆ ಹೂಡುವುದರಲ್ಲಿ ಲಾಭವಿಲ್ಲವಾದ್ದರಿಂದ ಒಡೆಯರು ತಯಾರಕರನ್ನೇ ಹಿಡಿಯುತ್ತಾರೆ. ಗೆದ್ದವನಿಗೆ ತಡೆಯಾಜ್ಞೆಯನ್ನೂ, ನಷ್ಟ ಪರಿಹಾರ ಅಥವಾ ಲಾಭದ ಲೆಕ್ಕ ಇವೆರಡರಲ್ಲಿ ಒಂದನ್ನೂ ಕೊಡಬಹುದೆಂದು ೧೦೮ನೆಯ ಪ್ರಕರಣವು ಹೇಳುತ್ತದೆ. ಆದರೆ ಅದೇ ಕಾಯಿದೆಯ ೮೩ನೆಯ ಪ್ರಕರಣವು, ಪೇಟೆಂಟಿನ ಪ್ರಯೋಜನವು ಜನರಿಗೆ ಕೈಗೆಟುಕುವ ಬೆಲೆಯಲ್ಲಿ ದೊರೆಯಬೇಕೆಂಬ ತತ್ವವನ್ನೂ ಬರೆದಿಟ್ಟಿದೆ. ಗಣಕದ ತಂತ್ರಾಂಶಕ್ಕೆ ಅದೊಂದನ್ನೇ ನೆಚ್ಚಿ ಪೇಟೆಂಟ್ ಕೊಡಕೂಡದೆಂದು ಮೂರನೆಯ ಪ್ರಕರಣದಲ್ಲಿ ನಿಷೇಧವಿದೆ. ಟೀವೋ ಕೊನೆಗೆ ಗೆದ್ದದ್ದು ತಂತ್ರಾಂಶದ ಹಕ್ಕುಗಳಿಂದ ಎಂಬುದನ್ನು ನೆನೆದರೆ ಈ ನಿಷೇಧದ ಬೆಲೆ ತಿಳಿಯುತ್ತದೆ.

ನಮ್ಮ ನ್ಯಾಯಾಲಯಗಳು ನಡೆದುಕೊಂಡ ರೀತಿಗೆ ಮೂರು ನಿದರ್ಶನಗಳನ್ನು ಕೊಡುತ್ತೇನೆ. ಒಂದು ವಿಡಿಯೋ ಯಂತ್ರದ್ದು, ಒಂದು ದೂರವಾಣಿಯದು, ಒಂದು ಮೋಟಾರು ಸೈಕಲಿನದು.

ಡಿ.ವಿ.ಡಿ. ತಟ್ಟೆಯಲ್ಲಿನ ಸಂಕೇತಗಳನ್ನು ಬಿಡಿಸಿ ಓದುವ ಸಾಧನದ ಪೇಟೆಂಟ್ ಹಾಲೆಂಡಿನ ಫಿಲಿಪ್ಸ್ ಸಂಸ್ಥೆಯದಾಗಿತ್ತು. ಬಿಡಿಭಾಗಗಳನ್ನು ತರಿಸಿ ಅಗ್ಗದ ಪ್ಲೇಯರುಗಳನ್ನು ಜೋಡಿಸುತ್ತಿದ್ದ ಇಬ್ಬರು ಸಣ್ಣ ತಯಾರಕರ ಮೇಲೆ ಅದು ೨೦೦೯ರಲ್ಲಿ ದೆಹಲಿಯಲ್ಲಿ ದಾವೆ ಹೂಡಿತು. ದೆಹಲಿ ಉಚ್ಚ ನ್ಯಾಯಾಲಯದ ತೀರ್ಪು ಬಂದದ್ದು ೨೦೧೮ರ ಜುಲೈ ೧೨ರಂದು. ಅಷ್ಟರಲ್ಲಿ, ೨೦೧೫ರ ಫೆಬ್ರವರಿಯಲ್ಲೇ, ಪೇಟೆಂಟಿನ ಅವಧಿ ತೀರಿಹೋಗಿತ್ತು! ಆದ್ದರಿಂದ ನಿಲ್ಲಿಸುವ ಪ್ರಶ್ನೆ ಏಳಲಿಲ್ಲ. ಒಂದೊಂದು ಪ್ಲೇಯರಿಗೆ ೨೦೧೦ರ ಮೇ ೨೭ರವರೆಗೆ ೩.೧೭೫ ಡಾಲರಿನಂತೆಯೂ, ಆಮೇಲೆ ೧.೯೦ ಡಾಲರಿನಂತೆಯೂ ರಾಯಧನ ಕಟ್ಟಬೇಕೆಂದು ಆಜ್ಞೆಯಾಯಿತು. ೧.೯೦ ಡಾಲರೆಂದರೆ ಆಗಿನ ದರದಲ್ಲಿ ಸುಮಾರು ನೂರು ರೂಪಾಯಿ. ಶ್ರೀಮಂತನಿಗೆ ಇದು ಲೆಕ್ಕವಲ್ಲ. ಅಗ್ಗವೆಂದೇ ಆ ಪ್ಲೇಯರನ್ನು ಆರಿಸಿಕೊಂಡ ಮನೆಗೆ ನೂರು ರೂಪಾಯಿ ಲೆಕ್ಕವೇ.

೨೦೧೪ರ ಡಿಸೆಂಬರಿನಲ್ಲಿ ಸ್ವೀಡನ್ನಿನ ಎರಿಕ್ಸನ್ ಸಂಸ್ಥೆಯ ಕೋರಿಕೆಯಂತೆ ಚೀನಾದ ಷವೋಮಿ ದೂರವಾಣಿಗಳ ಮಾರಾಟಕ್ಕೆ ದೆಹಲಿ ಉಚ್ಚ ನ್ಯಾಯಾಲಯವು ತಡೆಯಾಜ್ಞೆ ಕೊಟ್ಟಿತು. ಅದೇ ತಿಂಗಳಿನಲ್ಲಿ ವಿಭಾಗೀಯ ಪೀಠವು ಅದನ್ನು ಸಡಿಲಿಸಿ, ಕ್ವಾಲ್ಕಾಂ ಚಿಪ್ಪುಳ್ಳ ದೂರವಾಣಿಗಳನ್ನು ಒಂದಕ್ಕೆ ನೂರು ರೂಪಾಯಿಯಂತೆ ಠೇವಣಿಯಿಟ್ಟು ಮಾರಬಹುದೆಂದಿತು. ಹಣವು ನ್ಯಾಯಾಲಯದಲ್ಲಿ ಕುಳಿತಿತು, ದೂರವಾಣಿಯು ಗಿರಾಕಿಯ ಕೈ ಸೇರಿತು. ದೂರದರ್ಶನವನ್ನು ಅಂಗೈಯಲ್ಲಿಯೇ ನೋಡುವ ಈ ಕಾಲದಲ್ಲಿ ದೂರವಾಣಿಯ ವ್ಯಾಜ್ಯವೂ ದೂರದರ್ಶನದ ವ್ಯಾಜ್ಯವೇ ಸರಿ.

ಮೂರನೆಯದು ನಮ್ಮ ಗಡಿಯ ಪಕ್ಕದ ಹೊಸೂರಿನದು. ಒಂದು ಸಿಲಿಂಡರಿಗೆ ಎರಡು ಕಿಡಿಬೆಣೆಗಳನ್ನಿಡುವ ಎಂಜಿನಿನ ಪೇಟೆಂಟ್ ತನ್ನದೆಂದು ಬಜಾಜ್ ಸಂಸ್ಥೆಯು, ಹೊಸೂರಿನ ಟಿ.ವಿ.ಎಸ್. ಸಂಸ್ಥೆಯ ಫ್ಲೇಮ್ ಎಂಬ ಮೋಟಾರು ಸೈಕಲಿನ ವಿರುದ್ಧ ಮದರಾಸಿನಲ್ಲಿ ದಾವೆ ಹೂಡಿತು. ೨೦೦೮ರ ಫೆಬ್ರವರಿಯಲ್ಲಿ ತಡೆಯಾಜ್ಞೆ ಬಂದಿತು. ೨೦೦೯ರ ಮೇ ತಿಂಗಳಿನಲ್ಲಿ ವಿಭಾಗೀಯ ಪೀಠವು ಅದನ್ನು ತೆಗೆದುಹಾಕಿತು. ಸೆಪ್ಟೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಟಿ.ವಿ.ಎಸ್. ಮಾರಾಟ ಮಾಡಬಹುದು, ಆದರೆ ಮಾರಿದ್ದರ ಸರಿಯಾದ ಲೆಕ್ಕವಿಡಬೇಕು ಎಂದಿತು. ಅಲ್ಲದೆ ಇಂತಹ ದಾವೆಗಳನ್ನು ದಿನದಿನವೂ ವಿಚಾರಿಸಿ ನಾಲ್ಕು ತಿಂಗಳಲ್ಲಿ ಮುಗಿಸಬೇಕೆಂದೂ ಹೇಳಿತು. ಆದರೂ ಈ ಎರಡು ಸಂಸ್ಥೆಗಳು ರಾಜಿಗೆ ಬಂದದ್ದು ೨೦೧೯ರಲ್ಲಿ.

ಈ ನಿದರ್ಶನಗಳಿಂದ ಹೊರಡುವ ತತ್ವವು ಸ್ಪಷ್ಟವಾಗಿದೆ. ಒಡೆಯನಿಗೆ ಸಲ್ಲಬೇಕಾದದ್ದು ಹಣವಾದರೆ ಹಣವನ್ನು ಕಾಯ್ದಿಡುವ ಉಪಾಯಗಳಿವೆ: ಲೆಕ್ಕವಿಡುವುದು, ಠೇವಣಿಯಿಡುವುದು, ರಾಯಧನ ಗೊತ್ತುಮಾಡುವುದು. ಅಮೆರಿಕದ ಸರ್ವೋಚ್ಚ ನ್ಯಾಯಾಲಯವೂ ೨೦೦೬ರ ಮೇ ತಿಂಗಳಿನಲ್ಲಿ ಇಬೇ ಸಂಸ್ಥೆಯ ಮೊಕದ್ದಮೆಯಲ್ಲಿ, ಉಲ್ಲಂಘನೆಯಾಯಿತೆಂದ ಮಾತ್ರಕ್ಕೆ ತಡೆಯಾಜ್ಞೆ ತಾನಾಗಿ ದೊರೆಯತಕ್ಕದ್ದಲ್ಲ, ಸಾರ್ವಜನಿಕ ಹಿತವನ್ನೂ ತೂಗಿ ನೋಡಬೇಕೆಂದು ಹೇಳಿತು. ಅದಾದ ಮೂರೇ ತಿಂಗಳಿಗೆ ಟೀವೋ ಆಜ್ಞೆ ಹೊರಟಿತೆಂಬುದು ಗಮನಾರ್ಹ. ಸಾರ್ವಜನಿಕ ಹಿತವೆಂಬ ಮಾತು ತೀರ್ಪಿನಲ್ಲಿದ್ದರೆ ಸಾಲದು. ಮನೆಯಲ್ಲಿ ಪೆಟ್ಟಿಗೆಯಿಟ್ಟುಕೊಂಡವನ ಪರವಾಗಿ ಅದನ್ನು ಎತ್ತಿ ಹೇಳುವವರೊಬ್ಬರು ವಿಚಾರಣೆಯಲ್ಲಿ ಇರಬೇಕು. ವಾದಿಗೆ ವಕೀಲನಿದ್ದಾನೆ, ಪ್ರತಿವಾದಿಗೂ ಇದ್ದಾನೆ. ಮೂರನೆಯವನಿಗೆ ಇಲ್ಲ.

ಆದುದರಿಂದ ಮೂರು ಸಂಗತಿಗಳು ಆಗಬೇಕೆಂದು ನನಗೆ ತೋರುತ್ತದೆ. ಈಗಾಗಲೇ ಮಾರಾಟವಾಗಿ ಮನೆ ಸೇರಿದ ಪೆಟ್ಟಿಗೆಗಳನ್ನು ತಡೆಯಾಜ್ಞೆಯಿಂದ ಹೊರಗಿಟ್ಟು, ಅವುಗಳಿಗೆ ರಾಯಧನವನ್ನು ಮಾತ್ರ ವಿಧಿಸುವುದು ಮೊದಲನೆಯದು. ವ್ಯಾಜ್ಯದ ಕಾರಣದಿಂದ ಪೆಟ್ಟಿಗೆಯ ಶಕ್ತಿಯನ್ನು ಕಡಿಮೆ ಮಾಡಬೇಕಾಗಿ ಬಂದರೆ ಚಂದಾದಾರನಿಗೆ ಮೊದಲೇ ತಿಳಿಸಿ, ಚಂದಾದಲ್ಲಿ ಅಷ್ಟನ್ನು ಇಳಿಸುವುದು ಎರಡನೆಯದು. ಒಂದು ಸಂಸ್ಥೆಯು ಸೋತರೂ ಗಿರಾಕಿಯು ಸೋಲದಂತೆ, ಯಾವ ಪೆಟ್ಟಿಗೆಯಾದರೂ ಯಾವ ಸಂಸ್ಥೆಯೊಡನೆಯಾದರೂ ನಡೆಯುವ ಏರ್ಪಾಟನ್ನು ಮಾಡುವುದು ಮೂರನೆಯದು.

ಇವು ಸರ್ಕಾರವೂ ನ್ಯಾಯಾಲಯಗಳೂ ಮಾಡಬೇಕಾದ ಕೆಲಸಗಳು. ನಾವು ಮಾಡಬಹುದಾದದ್ದೂ ಒಂದಿದೆ. ಪೆಟ್ಟಿಗೆಯ ಜೊತೆಗೆ ಸಣ್ಣ ಅಕ್ಷರದ ಒಂದು ಕರಾರುಪತ್ರ ಬರುತ್ತದೆ. ಪೆಟ್ಟಿಗೆ ಮಾರಾಟವಾಯಿತೋ ಬಾಡಿಗೆಗೆ ಬಂದಿತೋ, ಸೌಕರ್ಯವನ್ನು ಸಂಸ್ಥೆಯು ಯಾವಾಗ ಹಿಂದ��ೆಗೆದುಕೊಳ್ಳಬಹುದು, ಚಂದಾ ನಿಲ್ಲಿಸಿದರೆ ಮುದ್ರಿಸಿಟ್ಟದ್ದು ಏನಾಗುತ್ತದೆ ಎಂಬ ಪ್ರಶ್ನೆಗಳಿಗೆ ಉತ್ತರವಿರಬೇಕಾದದ್ದು ಅಲ್ಲಿಯೇ. ಅದು ಬಹಳ ಮಟ್ಟಿಗೆ ಇಂಗ್ಲಿಷಿನಲ್ಲಿರುತ್ತದೆ. ನಮ್ಮ ತಂದೆ ತಾಯಿಗಳು ಅದನ್ನು ಓದದೆ ಸಹಿ ಹಾಕುತ್ತಾರೆ, ಇಲ್ಲವೆ ಹೆಬ್ಬೆಟ್ಟು ಒತ್ತುತ್ತಾರೆ. ಈ ಕಾಲೇಜಿಗೆ ಬರುವ ನಮ್ಮಲ್ಲಿ ಅನೇಕರು ಮನೆಗೆ ಮೊದಲನೆಯ ಓದುಗರು. ಮನೆಗೆ ಬರುವ ಯಾವ ಕಾಗದವನ್ನಾದರೂ ಸಹಿಗೆ ಮುಂಚೆ ಓದಿ, ಅರ್ಥವನ್ನು ಕನ್ನಡದಲ್ಲಿ ಹೇಳುವುದು ಪದವಿ ಬಂದ ಮೇಲೆ ಮಾಡಬೇಕಾದ ಕೆಲಸವಲ್ಲ; ಇಂದೇ ಮಾಡಬಹುದಾದದ್ದು.